ಪುರಾವೆಯಿಲ್ಲದ ಉಪಕಾರ

ವಕೀಲರ ಸಂಘದ ವಾರ್ಷಿಕ ಸಭೆಯಲ್ಲಿ ‘ವರ್ಷದ ವಕೀಲ’ ಫಲಕ ಆ ಸಲವೂ ಗುಡುಗಿಗೇ ಹೋಯಿತು. ಗುಡುಗು ಎಂದರೆ ಆ ಕೋರ್ಟಿನ ಅತಿ ದೊಡ್ಡ ಕ್ರಿಮಿನಲ್ ವಕೀಲರು. ಒಂದನೇ ಕೋಣೆಯಲ್ಲಿ ಅವರು ಪಾಟೀಸವಾಲು ಶುರು ಮಾಡಿದರೆ ನಾಲ್ಕನೇ ಕೋಣೆಯ ಸಾಕ್ಷಿ ಬೆಚ್ಚಿಬಿದ್ದು ನಿಜ ಹೇಳುತ್ತಾನೆ ಎಂಬ ಮಾತಿತ್ತು. ಉಗ್ರಾಣದ ಕಾವಲುಗಾರನೊಬ್ಬನನ್ನು ಕಳ್ಳತನದ ಆರೋಪದಿಂದ ಬಿಡಿಸಿದ್ದಕ್ಕೆ ಈ ವರ್ಷದ ಫಲಕ. ಮೈಕು ಹಿಡಿದ ಗುಡುಗು, ತೀರಿಕೊಂಡ ತಂದೆಗೆ ಕೃತಜ್ಞತೆ ಹೇಳಿದರು, ಕೆಲಸ ಕಲಿಸಿದ ಹಿರಿಯ ವಕೀಲರಿಗೆ ಹೇಳಿದರು, ಹೆಂಡತಿಗೆ ಹೇಳಿದರು, ಹೊತ್ತಿಗೆ ಸರಿಯಾಗಿ ಕೋರ್ಟು ಮುಟ್ಟಿಸುವ ಡ್ರೈವರಿಗೂ ಹೇಳಿದರು. ಸಭೆ ನಕ್ಕು ಚಪ್ಪಾಳೆ ತಟ್ಟಿತು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ವಕೀಲೆ ಮಾತ್ರ ಕೈ ಕಟ್ಟಿಕೊಂಡೇ ಕೂತಿದ್ದಳು. ಗಂಡ ಬಿಟ್ಟವರು, ಮಕ್ಕಳು ನೋಡಿಕೊಳ್ಳದ ಮುದುಕರು, ಮನೆ ಖಾಲಿ ಮಾಡು ಎನ್ನಿಸಿಕೊಂಡವರು, ಇಂಥವರ ಕೇಸುಗಳನ್ನೇ ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದ ಅವಳಿಗೆ ಕೋರ್ಟಿನಲ್ಲಿ ‘ಜೀವನಾಂಶದ ಮೇಡಂ’ ಎಂದೇ ಹೆಸರು. ಅವಳು ವೇದಿಕೆಯನ್ನು ನೋಡುತ್ತಿರಲಿಲ್ಲ. ಪಕ್ಕದ ಕುರ್ಚಿಯನ್ನು ನೋಡುತ್ತಿದ್ದಳು. ಅಲ್ಲಿ, ಕೋರ್ಟಿನವರೆಲ್ಲ ‘ತಿದ್ದುಪಡಿ’ ಎಂದೇ ಕರೆಯುವ ಹಿರಿಯ ವಕೀಲರು ಕೂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದರು.

ತಿದ್ದುಪಡಿಯವರಿಗೆ ಅರವತ್ತೆರಡು ವರ್ಷ. ವಕೀಲರಾಗಿ ಮೂವತ್ತಾರು. ಅವರ ಹೆಸರಿನಲ್ಲಿ ನಡೆಯುವ ಕೇಸುಗಳು ಬೆರಳೆಣಿಕೆಯಷ್ಟು, ಅವರ ಕಣ್ಣಿನ ಕೆಳಗೆ ಹಾದುಹೋಗುವ ಕೇಸುಗಳಿಗೆ ಲೆಕ್ಕವಿಲ್ಲ. ನ್ಯಾಯಾಧೀಶರ ಎದುರು ನಿಂತರೆ ಅವರ ನಾಲಿಗೆ ಒಣಗುತ್ತಿತ್ತು, ಅಂಗೈ ಬೆವರುತ್ತಿತ್ತು, ಮೊದಲ ವಾಕ್ಯವೇ ಹೊರಡುತ್ತಿರಲಿಲ್ಲ. ಆದ್ದರಿಂದ ಅವರು ಗ್ರಂಥಾಲಯದ ಮೂಲೆಯಲ್ಲಿ, ತೆರೆದರೆ ಮುಚ್ಚದ ಮುಚ್ಚಿದರೆ ತೆರೆಯದ ಕಿಟಕಿಯ ಕೆಳಗೆ ಒಂದು ಮೇಜು ಹಿಡಿದು ಕೂತುಬಿಟ್ಟಿದ್ದರು. ಯಾವ ಅರ್ಜಿಯಾದರೂ ಸರಿ, ಮೇಲ್ಮನವಿಯಾದರೂ ಸರಿ, ದಾಖಲು ಮಾಡುವ ಮೊದಲು ವಕೀಲರೆಲ್ಲ ಕರಡು ತಂದು ಅವರ ಮುಂದಿಡುವರು. ತಪ್ಪಿದ ತಾರೀಕು, ಬಿಟ್ಟುಹೋದ ಹೆಸರು, ಪೂರ್ವಕ್ಕೆ ಬದಲು ಪಶ್ಚಿಮವೆಂದು ಬರೆದ ಎಲ್ಲೆ, ಎಲ್ಲವನ್ನೂ ಅವರು ಹೆಕ್ಕಿ ತೆಗೆಯುವರು. ತಿದ್ದುವುದು ಪೆನ್ಸಿಲಿನಲ್ಲಿ ಮಾತ್ರ. ಪೆನ್ನಿನಲ್ಲಿ ತಿದ್ದಿದರೆ ಬರೆದವರ ಮುಖ ಚಿಕ್ಕದಾಗುತ್ತದೆ ಎನ್ನುವರು.

ಕಾವಲುಗಾರನ ಕೇಸಿನ ಕಡತ ಆ ಮೇಜಿನ ಮೇಲೆ ಮೂರು ಮಧ್ಯಾಹ್ನ ಬಿದ್ದಿದ್ದನ್ನು ಎದುರು ಕುರ್ಚಿಯಲ್ಲಿ ಕೂರುವ ವಕೀಲೆ ಕಣ್ಣಾರೆ ಕಂಡಿದ್ದಳು. ಕಾವಲುಗಾರ ಆರು ಸುರುಳಿ ತಾಮ್ರದ ತಂತಿಯನ್ನು ಸೈಕಲ್ಲಿನ ಮೇಲೆ ಒಂದೇ ಸಲಕ್ಕೆ ಸಾಗಿಸಿದ ಎಂದು ದೂರು. ಒಂದು ಸುರುಳಿ ಎಷ್ಟು ಭಾರ ಎಂದು ಯಾರೂ ಕೇಳಿರಲಿಲ್ಲ. ಸಂಬಂಧವೇ ಇಲ್ಲದ ರಸೀದಿಗಳ ನಡುವೆ, ಎಂಬತ್ತಮೂರನೇ ಪುಟದಲ್ಲಿ, ಉಗ್ರಾಣದ ತೂಕದ ಚೀಟಿಯೊಂದು ಸಿಕ್ಕಿಕೊಂಡಿತ್ತು. ಒಂದು ಸುರುಳಿಗೆ ನೂರಾ ಏಳು ಕಿಲೋ. ತಿದ್ದುಪಡಿ ಕನ್ನಡಕವನ್ನು ಹಣೆಗೇರಿಸಿ, “ಆರುನೂರ ನಲವತ್ತೆರಡು ಕಿಲೋ ಸೈಕಲ್ ಮೇಲೆ! ಕೇಸು ಆ ಸೈಕಲ್ ಕಂಪನಿಯವರಿಗೆ ಗೊತ್ತಾದ್ರೆ ಜಾಹೀರಾತು ಹಾಕ್ತಾರಮ್ಮಾ” ಎಂದು ನಕ್ಕಿದ್ದರು. ಒಂದೇ ವಾರದಲ್ಲಿ ಅದೇ ಚೀಟಿಯನ್ನು ಬಾವುಟದಂತೆ ಎತ್ತಿ ಹಿಡಿದು ಗುಡುಗು ಗುಡುಗಿದ್ದರು.

ಸಭೆ ಮುಗಿದು ಮೆಟ್ಟಿಲಿಳಿಯುವಾಗ ಅವಳಿಗೆ ತಡೆಯಲಾಗಲಿಲ್ಲ. “ನಿಮ್ಮ ಹೆಸರು ಒಂದ್ಸಲ ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು ಸಾರ್?”

“ಬಿಡಮ್ಮಾ. ಆ ಡ್ರೈವರ್ ಪಾಪ ಒಳ್ಳೆಯವನು” ಎಂದರು ತಿದ್ದುಪಡಿ.

ಆ ಸಿಟ್ಟು ಮನೆಯವರೆಗೂ ಬಂತು. ಚಪ್ಪಲಿ ಬಿಟ್ಟ ರಭಸಕ್ಕೆ ಒಂದು ಬಾಗಿಲಿಗೂ ಇನ್ನೊಂದು ಗೋಡೆಗೂ ಹೋಗಿ ಬಿತ್ತು. ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದ ಅವಳ ತಾಯಿ ತಲೆಯೆತ್ತಲಿಲ್ಲ. ತಾಯಿ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಕೂಗಾಟಕ್ಕೆಲ್ಲ ಬೆಚ್ಚುವ ಜೀವ ಅಲ್ಲ. ಪೂರ್ತಿ ಕಥೆ ಕೇಳಿಸಿಕೊಂಡು, “ಇದೇನು ಹೊಸದಾ?” ಎಂದಳು. “ಡಾಕ್ಟ್ರು ಬರೋ ಹೊತ್ತಿಗೆ ಮಗು ಹುಟ್ಟಿ, ಅತ್ತು ಮುಗಿಸಿ, ನಿದ್ದೆ ಮಾಡ್ತಿರೋದು. ಆದ್ರೂ ಗಂಡು ಹುಟ್ಟಿದ್ರೆ ಡಾಕ್ಟ್ರ ಹೆಸರೇ ಇಡೋರು. ನನ್ನ ಹೆಸರಿನ ಒಂದೇ ಒಂದು ಹುಡುಗಿ ಈ ಊರಲ್ಲಿದ್ರೆ ತೋರ್ಸು ನೋಡೋಣ.”

“ನಿಂಗೆ ಸಿಟ್ಟು ಬರ್ತಿರ್ಲಿಲ್ವಾ ಅಮ್ಮ?”

“ಬರ್ದೇ ಇರುತ್ತಾ? ಬಂತು. ಬಂದು ಇನ್ನೆಲ್ಲಿಗೆ ಹೋಗುತ್ತೆ, ಮನೆಗೇ ಬಂತು. ನಿಮ್ಮಪ್ಪ ಅನುಭವಿಸಿದ್ರು.” ತಾಯಿ ನಾರನ್ನು ಮೊರದಂಚಿಗೆ ತಳ್ಳಿದಳು. “ಆದ್ರೆ ನಾವು ನಾವೇ ಹೇಳ್ಕೋತಿದ್ವಿ ಕಣೆ. ಡ್ಯೂಟಿ ಬದಲಾಗುವಾಗ, ‘ಏಳನೇ ಮಂಚದವಳನ್ನ ಉಳಿಸಿದ್ದು ಇವಳು’ ಅಂತ ಎಲ್ಲರ ಮುಂದೆ ಒಂದು ಮಾತು. ಅಷ್ಟಾದ್ರೆ ಇನ್ನೊಂದು ತಿಂಗಳು ಕೆಲಸ ಮಾಡೋಕೆ ಕಸುವು ಬರ್ತಿತ್ತು.”

ಮಾರನೆಯ ದಿನ ವಕೀಲೆ ಗ್ರಂಥಾಲಯದ ಬಾಗಿಲ ಹಿಂಬದಿಗೆ ಒಂದು ದೊಡ್ಡ ಬಿಳಿ ಹಾಳೆ ಅಂಟಿಸಿದಳು. ಮೇಲ್ಗಡೆ ದಪ್ಪಕ್ಷರದಲ್ಲಿ ಬರೆದಳು: ‘ಈ ವಾರ ನಿಮಗೆ ಯಾವ ವಕೀಲರು ನೆರವಾದರು? ಏನು ಮಾಡಿದರು? ಬರೆದು ಸಹಿ ಮಾಡಿ.’ ಮೊದಲ ಸಾಲು ಅವಳದೇ. ತಾಯಿಗೆ ಮೈ ಸರಿಯಿಲ್ಲದ ದಿನ ತನ್ನ ಬದಲಿಗೆ ನಿಂತು ಮುಂದಿನ ತಾರೀಕು ಪಡೆದುಕೊಂಡವರ ಬಗ್ಗೆ ಬರೆದಳು. ತಿದ್ದುಪಡಿಯ ಬಗ್ಗೆ ಬೇಕೆಂದೇ ಬರೆಯಲಿಲ್ಲ. ಬೇರೆಯವರು ಬರೆಯಲಿ, ಅದರ ತೂಕವೇ ಬೇರೆ ಎಂದುಕೊಂಡಳು. ಹಾಗೆಂದು ತನಗೆ ತಾನೇ ಹೇಳಿಕೊಂಡಳು.

ವಾರ ಕಳೆಯುವುದರಲ್ಲಿ ಹನ್ನೊಂದು ಸಾಲು ತುಂಬಿತು. ಗುಂಡಿ ಕಿತ್ತುಹೋದ ದಿನ ತನ್ನ ಕರಿಕೋಟು ಬಿಚ್ಚಿಕೊಟ್ಟವರು, ಅಳುತ್ತಿದ್ದ ಮುದುಕನ ಪಕ್ಕ ಅವನ ಮಗ ಬರುವ ತನಕ ಕೂತಿದ್ದವರು, ಎದುರಾಳಿಯಾಗಿದ್ದರೂ ಕಾಣೆಯಾಗಿದ್ದ ಕಾಗದ ಹುಡುಕಿಕೊಟ್ಟವರು. ಓದಿ ಅವಳಿಗೆ ಎದೆ ತುಂಬಿತು. ಮತ್ತೊಮ್ಮೆ ಓದಿದಳು, ಎದೆ ಉರಿಯಿತು. ಅದೇ ವಾರ ಮೂಲೆಯ ಮೇಜಿನ ಮುಂದೆ ಹದಿನಾಲ್ಕು ಜನ ಕೂತೆದ್ದು ಹೋಗಿದ್ದನ್ನು ಅವಳು ಎಣಿಸಿದ್ದಳು. ಹಾಳೆಯ ಮೇಲೆ ತಿದ್ದುಪಡಿಯ ಹೆಸರಿರಲಿಲ್ಲ.

ಕುಡಿಯುವ ನೀರಿನ ನಲ್ಲಿಯ ಹತ್ತಿರ ಗುಡುಗು ಸಿಕ್ಕಾಗ ನೇರವಾಗಿಯೇ ಕೇಳಿದಳು.

“ನಾನು ಇಲ್ಲ ಅಂದ್ನಾ ಮೇಡಂ?” ಎಂದರು ಗುಡುಗು. “ಅವರಿಲ್ದಿದ್ರೆ ಆ ಚೀಟಿ ನನ್ನ ಕಣ್ಣಿಗೆ ಬೀಳ್ತಾನೇ ಇರ್ಲಿಲ್ಲ. ಬಾಯಲ್ಲಿ ಸಾವಿರ ಸಲ ಹೇಳ್ತೀನಿ.”

“ಸಾವಿರ ಬೇಡ. ಒಂದೇ ಒಂದ್ಸಲ ಬರೀರಿ.”

ಗುಡುಗಿನ ದನಿ ಪಿಸುಮಾತಿಗೆ ಇಳಿಯಿತು. “ಬರವಣಿಗೆ ಬೇರೆ. ನಾಳೆ ಕಕ್ಷಿದಾರ ನೋಡ್ತಾನೆ, ಕಡತ ಓದಿದ್ದು ಅವರಾದ್ರೆ ನೀವೇನ್ರೀ ಮಾಡಿದ್ರಿ ಅಂತಾನೆ. ಏನು ಹೇಳ್ಲಿ?”

“ಕೂಗಿದ್ದು ನಾನು ಅನ್ನಿ.”

ಅವರು ಗಹಗಹಿಸಿ ನಕ್ಕು, ಲೋಟವನ್ನು ನಲ್ಲಿಯ ಪಕ್ಕ ಬೋರಲಿಟ್ಟು ಹೋದರು. ಬರೆಯಲಿಲ್ಲ.

ಅಷ್ಟರಲ್ಲಿ ಹಾಳೆಯ ಸುದ್ದಿ ಸಂಘದ ಅಧ್ಯಕ್ಷರ ಕಿವಿಗೆ ಬಿತ್ತು. ಅವರು ಅವಳನ್ನು ಕರೆಸಿ ಕುರ್ಚಿ ಕೊಟ್ಟರು. “ಬಹಳ ಒಳ್ಳೇ ಯೋಚನೆ ಮೇಡಂ. ಆದ್ರೆ ಬಾಗಿಲ ಹಿಂದೆ ಯಾಕೆ? ಸಂಘದಿಂದಲೇ ವ್ಯವಸ್ಥಿತವಾಗಿ ಮಾಡೋಣ. ಹೆಸರೂ ಇಟ್ಟಾಯ್ತು, ‘ಎಲೆಮರೆಯ ಕಾಯಿ ಪುರಸ್ಕಾರ’.” ಆಮೇಲೆ ನಾಲ್ಕು ಪುಟದ ನಮೂನೆಯೊಂದನ್ನು ಮುಂದಿಟ್ಟರು.

ಅವಳು ಓದಿದಳು. ಅರ್ಜಿಯನ್ನು ಅಭ್ಯರ್ಥಿಯೇ ಸಲ್ಲಿಸಬೇಕು. ಅಂದರೆ ಎಲೆಮರೆಯ ಕಾಯಿ ತಾನೇ ಎಲೆ ಸರಿಸಿ ನಾನಿಲ್ಲಿದ್ದೇನೆ ಎನ್ನಬೇಕು. ನಾಲ್ಕನೇ ಕಲಮಿನಲ್ಲಿ, ಅಭ್ಯರ್ಥಿ ವಾದಿಸಿ ಗೆದ್ದ ಹತ್ತು ಪ್ರಕರಣಗಳ ತೀರ್ಪಿನ ಪ್ರತಿ. ಏಳನೇ ಕಲಮಿನಲ್ಲಿ, ಪತ್ರಿಕೆಗಳಲ್ಲಿ ಬಂದ ವರದಿ ಮತ್ತು ಭಾವಚಿತ್ರ.

“ಪೇಪರಲ್ಲಿ ಫೋಟೋ ಬಂದೋರು ಎಲೆಮರೆ ಹೇಗಾಗ್ತಾರೆ ಸಾರ್?”

“ನಾವು ವಕೀಲರು ಮೇಡಂ. ಪುರಾವೆ ಇಲ್ದೆ ನಾವೇ ಒಪ್ಕೊಂಡ್ರೆ ಜನ ನಗಲ್ವಾ?” ಅಧ್ಯಕ್ಷರು ಸ್ವಲ್ಪ ಯೋಚಿಸಿದಂತೆ ಮಾಡಿದರು. “ನಿಮ್ಮ ಮನಸ್ಸಲ್ಲಿ ಯಾರಿದಾರೆ ಅಂತ ಗೊತ್ತು. ಅವರ ವಿಷಯದಲ್ಲಿ ಒಂದು ರಿಯಾಯಿತಿ ಕೊಡೋಣ. ಅವರಿಂದ ಉಪಕಾರ ಆಗಿದೆ ಅಂತ ಐದು ಜನ ವಕೀಲರು ಬರೆದುಕೊಡ್ಲಿ. ಸಾಕು.”

ಐದು ಜನ ಏನು ಮಹಾ ಎಂದುಕೊಂಡು ಎದ್ದಳು. ಇಡೀ ಕೋರ್ಟಿನಲ್ಲಿ ಆ ಮೇಜಿಗೆ ಋಣಿಯಲ್ಲದ ಐದು ಜನರನ್ನು ಹುಡುಕುವುದೇ ಕಷ್ಟವಿತ್ತು.

ಎಂಟು ದಿನ ಅಲೆದಳು. ವಿಚಾರಣೆಯ ಮಧ್ಯದ ಬಿಡುವಿನಲ್ಲಿ, ಕ್ಯಾಂಟೀನಿನಲ್ಲಿ, ವಾಹನ ನಿಲ್ಲಿಸುವ ಜಾಗದಲ್ಲಿ ಒಬ್ಬೊಬ್ಬರನ್ನೇ ಹಿಡಿದಳು. ಎಲ್ಲರೂ ತಿದ್ದುಪಡಿಯನ್ನು ಹಾಡಿ ಹೊಗಳಿದರು. ಕಾಗದ ಮುಂದಿಟ್ಟ ತಕ್ಷಣ ಒಬ್ಬರಿಗೆ ಕನ್ನಡಕ ಮರೆತುಹೋಗಿತ್ತು, ಒಬ್ಬರಿಗೆ ಸಂಘದ ಚುನಾವಣೆ ಅಡ್ಡ ಬಂತು, ಒಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇನೆಂದರು. ತನ್ನ ಕರಡನ್ನು ಮೂರು ಸಲ ತಿದ್ದಿಸಿಕೊಂಡಿದ್ದವನೊಬ್ಬ, “ಪೆನ್ಸಿಲ್ ಗುರುತೆಲ್ಲ ಅಳಿಸಿಬಿಟ್ಟಿದೀನಲ್ಲ ಮೇಡಂ. ಪುರಾವೆ ಎಲ್ಲಿಂದ ತರ್ಲಿ?” ಎಂದು ನಿಜವಾಗಿಯೂ ಸಂಕಟಪಟ್ಟ. ಕೊನೆಗೆ ಜಮೀನಿನ ಕೇಸುಗಳನ್ನು ನಡೆಸುವ ಹಿರಿಯ ವಕೀಲೆಯೊಬ್ಬರು ಪೆನ್ನು ಕೈಗೆತ್ತಿಕೊಂಡರು. ಎತ್ತಿಕೊಂಡು ಕೇಳಿದರು, “ನೀನು ಬರೆದಿದೀಯಾ? ಎಲ್ಲಿ, ನಿಂದು ತೋರ್ಸು. ನೋಡ್ಕೊಂಡು ನಾನೂ ಹಾಗೇ ಬರೀತೀನಿ.”

ವಕೀಲೆ ಕಡತದೊಳಗೆ ಹುಡುಕುವಂತೆ ನಟಿಸಿದಳು. ಅಲ್ಲೇನೂ ಇರಲಿಲ್ಲ. “ನಾಳೆ ತರ್ತೀನಿ ಮೇಡಂ” ಎಂದು ಬಂದುಬಿಟ್ಟಳು.

ಬರೆಯಲು ಇರಲಿಲ್ಲವೆಂದಲ್ಲ. ನಾಲ್ಕು ವರ್ಷದ ಹಿಂದೆ ಇಸ್ತ್ರಿ ಅಂಗಡಿಯ ಒಬ್ಬ ಹೆಂಗಸಿನ ಮನೆಯ ಕೇಸನ್ನು ಅವಳು ಮೇಲ್ಮನವಿಯಲ್ಲಿ ಗೆದ್ದಿದ್ದಳು. ಅವಳಿಗೆ ಹೆಸರು ತಂದುಕೊಟ್ಟ ಕೇಸು ಅದು. ಪೇಪರಿನಲ್ಲಿ ಫೋಟೋ ಬಂದಿತ್ತು, ಆಮೇಲೆ ಇಸ್ತ್ರಿಯವಳೇ ಹತ್ತಾರು ಜನರನ್ನು ಕಳಿಸಿಕೊಟ್ಟಿದ್ದಳು. ಮೇಲ್ಮನವಿಗೆ ಇನ್ನೂ ಹತ್ತು ದಿನ ಗಡುವಿದೆ ಎಂದು ವಕೀಲೆ ನಿಶ್ಚಿಂತಳಾಗಿದ್ದಳು. ಒಂದು ಸಂಜೆ ನಾಲ್ಕೂ ಮುಕ್ಕಾಲಿಗೆ ಕರಡು ನೋಡುತ್ತಿದ್ದ ತಿದ್ದುಪಡಿ ಬೆರಳು ಮಡಿಸಿ ದಿನ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಮೆಲ್ಲಗೆ, “ಅಮ್ಮಾ, ಗಡುವು ಇವತ್ತಿಗೇ ಮುಗಿಯುತ್ತೆ. ಓಡು” ಎಂದರು. ರಜೆಯ ದಿನಗಳನ್ನು ಅವಳು ಎರಡು ಸಲ ಕಳೆದಿದ್ದಳು. ಕಾಗದ ಎದೆಗವಚಿಕೊಂಡು ಮೂರು ಅಂತಸ್ತು ಇಳಿದು ಓಡಿದಾಗ ಫೈಲಿಂಗ್ ಕೌಂಟರಿನ ಗುಮಾಸ್ತೆ ಆಗಲೇ ಮುದ್ರೆಯ ಡಬ್ಬಿ ಮುಚ್ಚುತ್ತಿದ್ದಳು. ಕೌಂಟರು ಮುಚ್ಚುವ ಐದು ಗಂಟೆಗೆ ಹತ್ತು ನಿಮಿಷ ಬಾಕಿಯಿತ್ತು. ಆ ಹತ್ತು ನಿಮಿಷದ ಮಾತನ್ನು ಅವಳು ಇಸ್ತ್ರಿಯವಳಿಗೆ ಹೇಳಿರಲಿಲ್ಲ, ತಾಯಿಗೂ ಹೇಳಿರಲಿಲ್ಲ.

ತಿದ್ದುಪಡಿಯ ಉಪಕಾರ ಹೇಳಬೇಕಾದರೆ ತನ್ನ ತಪ್ಪನ್ನೂ ಹೇಳಬೇಕು. ಎಂಟು ದಿನದಿಂದ ತಾನು ಊರವರನ್ನೆಲ್ಲ ಕೇಳುತ್ತಿದ್ದುದು ಇದನ್ನೇ ಎಂದು ಈಗ ಅವಳಿಗೆ ಹೊಳೆಯಿತು. ಎಲ್ಲರ ಮೇಲೆ ಕಾರಿದ ಸಿಟ್ಟು ಒಟ್ಟಾಗಿ ತಿರುಗಿ ಅವಳ ಮೇಲೇ ಬಂತು.

ಎರಡು ದಿನ ಒದ್ದಾಡಿ ಬರೆದಳು. ಒಂದು ಪ್ರತಿ ಅಧ್ಯಕ್ಷರಿಗೆ, ಒಂದು ಬಾಗಿಲ ಹಿಂದಿನ ಹಾಳೆಗೆ. ‘ಇಸ್ತ್ರಿ ಅಂಗಡಿಯ ಕೇಸಿನಲ್ಲಿ ಮೇಲ್ಮನವಿಯ ಗಡುವನ್ನು ನಾನು ತಪ್ಪಾಗಿ ಎಣಿಸಿದ್ದೆ. ಕೊನೆಯ ದಿನ ಅದನ್ನು ಕಂಡುಹಿಡಿದು ನನ್ನನ್ನು ಓಡಿಸಿದವರು ಇವರು. ಇವರಿಲ್ಲದಿದ್ದರೆ ಆ ಮನೆ ಹೋಗುತ್ತಿತ್ತು.’ ಕೆಳಗೆ ತಿದ್ದುಪಡಿಯ ಪೂರ್ಣ ಹೆಸರು, ಅದರ ಕೆಳಗೆ ತನ್ನ ಸಹಿ. ಇನ್ನು ಬೇರೆಯವರೂ ಬರೆಯುತ್ತಾರೆ ಎಂದು ನಂಬಿದಳು.

ಯಾರೂ ಬರೆಯಲಿಲ್ಲ. ಯಾರೋ ಆ ಹಾಳೆಯ ಫೋಟೋ ತೆಗೆದು ಫೋನಿನಿಂದ ಫೋನಿಗೆ ಕಳಿಸಿದರು. ಮೂರನೆಯ ದಿನ ಇಸ್ತ್ರಿಯವಳು ಅವಳ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು.

“ಅವತ್ತು ನಾನು ಫೋನ್ ಮಾಡಿ ಕೇಳ್ದಾಗ, ಎಲ್ಲಾ ಟೈಮಿಗೆ ಸರಿಯಾಗಿ ಆಗಿದೆ ಅಂದ್ರಲ್ಲ ಮೇಡಂ?”

“ಆಗಿತ್ತಮ್ಮಾ. ಹತ್ತು ನಿಮಿಷ ಇತ್ತು.”

“ಹತ್ತು ನಿಮಿಷದಲ್ಲಿ ನಾನು ಎರಡು ಅಂಗಿ ಇಸ್ತ್ರಿ ಮಾಡ್ತೀನಿ. ಅಷ್ಟರಲ್ಲಿ ನನ್ನ ಮನೆ ಹೋಗಿರೋದು.” ಅವಳು ಜಗಳಕ್ಕೆ ಬಂದಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. “ನನ್ನ ತಮ್ಮನ ಕೇಸಿನ ಕಾಗದ ಕೊಟ್ಬಿಡಿ ಮೇಡಂ. ಸಿಟ್ಟಿಲ್ಲ. ಭಯ ಆಗುತ್ತೆ, ಅಷ್ಟೆ.”

ವಕೀಲೆ ಕಾಗದಗಳನ್ನು ಕಟ್ಟಿಕೊಟ್ಟಳು. ಹೊರಡುವ ಮುನ್ನ ಇಸ್ತ್ರಿಯವಳು ತಿರುಗಿ, “ಆ ಸಾರ್ ಕೇಸ್ ತಗೋತಾರಾ?” ಎಂದಳು.

“ಅವರು ವಾದ ಮಾಡಲ್ಲ.”

“ಅಷ್ಟು ಗೊತ್ತಿದ್ದು ಮಾತಾಡಲ್ಲ ಅಂದ್ರೆ ಏನು ಬಂತು ಮೇಡಂ?” ಎಂದು ಅವಳು ಹೊರಟಳು.

ಪುರಸ್ಕಾರದ ತೀರ್ಮಾನ ತಿಂಗಳ ಕೊನೆಗೆ ಹೊರಬಿತ್ತು. ಐದರಲ್ಲಿ ಒಂದೇ ಪತ್ರ ಬಂದಿದ್ದರಿಂದಲೂ, ಇತರರ ಕರಡು ತಿದ್ದುವುದು ವಕೀಲಿ ವೃತ್ತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲವಾದ್ದರಿಂದಲೂ ಶಿಫಾರಸನ್ನು ಪರಿಗಣಿಸಲಾಗಿಲ್ಲ ಎಂದು ಅವಳಿಗೆ ಎರಡು ಸಾಲಿನ ಉತ್ತರ ಬಂತು. ‘ಎಲೆಮರೆಯ ಕಾಯಿ’ಯಾಗಿ ಆಯ್ಕೆಯಾದವರು ಅಧ್ಯಕ್ಷರ ಷಡ್ಡಕ. ಪ್ರಚಾರದಿಂದ ಸದಾ ದೂರವಿರುವವರು ಎಂದು ಬಿನ್ನವತ್ತಳೆಯಲ್ಲಿ ಬರೆದಿದ್ದರು. ಆಳೆತ್ತರದ ಅವರ ಭಾವಚಿತ್ರ ಕೋರ್ಟಿನ ಮುಖ್ಯ ಗೇಟಿನ ಎರಡೂ ಬದಿಗೆ ನೇತಾಡುತ್ತಿತ್ತು.

ಅದನ್ನು ಅವಳು ಹಲ್ಲು ಕಚ್ಚಿ ನುಂಗಿಕೊಂಡಳು. ನುಂಗಲಾಗದ್ದು ಬೇರೆಯದೇ ಇತ್ತು. ಮೂಲೆಯ ಮೇಜು ಖಾಲಿಯಾಗಿತ್ತು. ಅವಳ ಪತ್ರ ಓದಿದ ಮೇಲೆ, ತಿದ್ದುಪಡಿಯ ಮುಂದೆ ಯಾರು ಕೂತರೂ ‘ಇವರೂ ಏನೋ ಎಡವಟ್ಟು ಮಾಡಿಕೊಂಡಿದ್ದಾರೆ’ ಎಂದು ನೋಡುವವರು ನಗುತ್ತಿದ್ದರು. ನಾಳೆ ತಮ್ಮ ಹೆಸರೂ ಬಾಗಿಲ ಹಿಂದೆ ಬರಬಹುದೆಂಬ ಅಂಜಿಕೆ ಬೇರೆ. ಮೊದಲು ಹಿರಿಯರು ಬಿಟ್ಟರು, ಆಮೇಲೆ ಕಿರಿಯರು. ತಿದ್ದುಪಡಿ ಬೆಳಿಗ್ಗೆ ಹತ್ತಕ್ಕೆ ಬಂದು, ಖಾಲಿ ಮೇಜಿನ ಮೇಲೆ ಕೈಯೂರಿ, ಐದಕ್ಕೆ ಎದ್ದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅವಳು ತನ್ನ ಕರಡನ್ನು ಅವರ ಮುಂದಿಟ್ಟಳು. ಅವರು ಮುಟ್ಟಲಿಲ್ಲ.

“ಏನಮ್ಮಾ ಮಾಡ್ಬಿಟ್ಟೆ ನೀನು?” ಮೂವತ್ತಾರು ವರ್ಷ ಕೋರ್ಟಿನಲ್ಲಿ ಹೊರಡದ ದನಿ ಅಲ್ಲಿ ಹೊರಟಿತು. ಕಪಾಟಿನ ಹತ್ತಿರ ನಿಂತಿದ್ದವರು ತಿರುಗಿ ನೋಡಿದರು. “ನಾನು ಕೇಳಿದ್ನಾ? ಬಿರುದು ಬೇಕು, ಫಲಕ ಬೇಕು ಅಂತ ನಿನ್ನ ಹತ್ರ ಅರ್ಜಿ ಹಾಕಿದ್ನಾ? ನನಗೆ ಬೇಕಾಗಿದ್ದು ಕಾಗದ. ಓದೋಕೆ ನಾಲ್ಕು ಕಾಗದ. ಅದೂ ಹೋಯ್ತು.”

“ಅವರೆಲ್ಲ ಇಷ್ಟು ಅಂಜುಬುರುಕರು ಅಂತ ನನಗೇನು ಗೊತ್ತಿತ್ತು ಸಾರ್?”

“ನನಗೆ ಗೊತ್ತಿತ್ತು! ಅದಕ್ಕೇ ಪೆನ್ಸಿಲಲ್ಲಿ ತಿದ್ದುತಿದ್ದೆ!”

ತುಸು ಹೊತ್ತಿನ ಮೇಲೆ ಅವರೇ ತಣ್ಣಗಾದರು. ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: “ಗುಡುಗು ಪಾಟೀಸವಾಲು ಮಾಡ್ತಿದ್ರೆ ನಾನು ಹಿಂದಿನ ಬೆಂಚಲ್ಲಿ ಹೋಗಿ ಕೂತ್ಕೋತೀನಿ. ನನ್ನ ಪ್ರಶ್ನೆಗಳನ್ನೇ ಅವನ ದನೀಲಿ ಕೇಳ್ತೀನಿ. ಅಷ್ಟು ಸಾಕು ಅಂದ್ಕೊಂಡಿದ್ದೆ. ಅವತ್ತು ಡ್ರೈವರ್ ಹೆಸರು ಹೇಳಿದ ನೋಡು, ಆಗ ಸಾಕಾಗ್ಲಿಲ್ಲಮ್ಮಾ. ಕೈ ಉರಿಯೋವರೆಗೂ ಚಪ್ಪಾಳೆ ಹೊಡೆದೆ.”

ಅವಳು ಮನೆಗೆ ಹೋಗಿ ಇದನ್ನೆಲ್ಲ ಹೇಳಿದಾಗ ತಾಯಿ, “ಒಳ್ಳೇದು ಮಾಡೋಕೆ ಹೋಗಿ ಬೇಲೀಲಿದ್ದ ಓತಿಕ್ಯಾತನ್ನ ಮೈಮೇಲೆ ಬಿಟ್ಕೊಂಡೆ” ಎಂದಳು. “ನಾವು ಬಾಯಲ್ಲಿ ಹೇಳ್ತಿದ್ವಿ ಕಣೆ. ಗೋಡೆಗೆ ಅಂಟಿಸ್ತಿರ್ಲಿಲ್ಲ” ಎಂದೂ ಸೇರಿಸಿದಳು. ಅವಳಿಗೆ ತಾಯಿಯ ಮೇಲೂ ರೇಗಿತು. ಮೊದಲೇ ಹೇಳಬಾರದಿತ್ತೇ?

ಹಾಳೆಯನ್ನು ಅವಳು ಮರುದಿನವೇ ಕಿತ್ತು ಹಾಕಿದಳು. ಮೇಜು ಖಾಲಿಯೇ ಉಳಿಯಿತು. ಅದರ ಫಲ ಕಂಡದ್ದು ಗ್ರಂಥಾಲಯದಲ್ಲಲ್ಲ, ನೆಲ ಅಂತಸ್ತಿನ ಫೈಲಿಂಗ್ ಕೌಂಟರಿನಲ್ಲಿ. ಅಲ್ಲಿನ ಗುಮಾಸ್ತೆಗೆ ಮುದ್ರೆ ಒತ್ತಿದರೆ ಮೇಜೇ ನಡುಗುವಂಥ ಕೈ, ಅದಕ್ಕೆ ತಕ್ಕ ಬಾಯಿ. ವಾಪಸಾದ ಅರ್ಜಿಗಳ ಕಟ್ಟು ಅವಳ ಬೆನ್ನ ಹಿಂದೆ ಸೊಂಟದೆತ್ತರಕ್ಕೆ ಬೆಳೆದಿತ್ತು.

“ಏನ್ ಮೇಡಂ, ನಿಮಗೆಲ್ಲ ಒಟ್ಟಿಗೆ ಬುದ್ಧಿ ಕೆಟ್ಟಿದೆಯಾ?” ಎಂದಳು ಗುಮಾಸ್ತೆ. “ಮಗನ ಹೆಸರಿರೋ ಕಡೆ ಅಪ್ಪನ ಹೆಸರು, ಮುಂದಿನ ವರ್ಷದ ತಾರೀಕು. ನೆನ್ನೆ ಒಬ್ಬರು ಸತ್ತವರ ಸಹಿ ಹಾಕಿಸ್ಕೊಂಡು ಬಂದಿದ್ರು. ಮೂಲೆ ಮೇಜಿನ ಸಾರ್‌ಗೆ ಏನಾಯ್ತು? ಹುಷಾರಿಲ್ವಾ?”

ವಕೀಲೆ ಬೆರಗಾದಳು. “ನಿಮಗೆ ಹೇಗೆ ಗೊತ್ತು?”

“ಇಪ್ಪತ್ತು ವರ್ಷ ಈ ಕಿಟಕೀಲಿ ಕೂತಿದೀನಿ. ಅವರ ಕಣ್ಣು ದಾಟಿ ಬಂದ ಕಾಗದಾನ ನಾನು ಓದೋದೇ ಇಲ್ಲ, ಮುದ್ರೆ ಹೊಡೆದು ಎಸೀತೀನಿ. ಅದಕ್ಕೇ ಐದಕ್ಕೆ ಮನೆಗೆ ಹೋಗ್ತಿದ್ದೆ. ಈಗ ನೋಡಿ.”

ವಕೀಲೆ ನಡೆದದ್ದನ್ನು ಹೇಳಿದಳು. ಗುಮಾಸ್ತೆ ಕೇಳಿಸಿಕೊಂಡು, ಮೂಗು ಮುರಿದು, ಮುಂದಿನವರನ್ನು ಕರೆದಳು. ಮುಂದಿನವರು ಗುಡುಗಿನ ಕಚೇರಿಯ ಜೂನಿಯರ್. ಗುಮಾಸ್ತೆ ಅರ್ಜಿಯನ್ನು ಎರಡು ಪುಟ ತಿರುವಿ ವಾಪಸು ತಳ್ಳಿದಳು. “ತಪ್ಪಿದೆ.”

“ಎಲ್ಲಿ ಮೇಡಂ?”

“ಅದನ್ನ ಹುಡುಕೋದು ನನ್ನ ಕೆಲಸ ಅಲ್ಲ. ಗ್ರಂಥಾಲಯದ ಮೂಲೇಲಿ ತೋರಿಸ್ಕೊಂಡು ಬನ್ನಿ.”

ಅಂದಿನಿಂದ ಅವಳು ಎಲ್ಲರಿಗೂ ಅದನ್ನೇ ಹೇಳತೊಡಗಿದಳು. ವಕೀಲರಿಗೆ ಇದು ಅನುಕೂಲವೇ ಆಯಿತು. ತಪ್ಪು ಮಾಡಿ ಬಂದೆ ಎನ್ನಬೇಕಾಗಿರಲಿಲ್ಲ, ‘ಕೌಂಟರಿನವರು ಕಳಿಸಿದರು’ ಎಂದರಾಯಿತು. ಗೊಣಗಿಕೊಂಡು, ಕಚೇರಿಯವರ ದರ್ಪವನ್ನು ಬೈದುಕೊಂಡು, ಒಬ್ಬೊಬ್ಬರೇ ಮತ್ತೆ ಮೂಲೆಯ ಮೇಜಿಗೆ ಬಂದರು. ಮೂರು ವಾರದಲ್ಲಿ ಮೇಜಿನ ಮುಂದೆ ಮೊದಲಿಗಿಂತ ಉದ್ದದ ಸಾಲಿತ್ತು. ಆದರೆ ಈಗ ಯಾರೂ ಅವರಿಗೆ ಬಾಯಿಮಾತಿನ ಥ್ಯಾಂಕ್ಸನ್ನೂ ಹೇಳುತ್ತಿರಲಿಲ್ಲ. ಕಚೇರಿಯ ಇನ್ನೊಂದು ಕಿಟಕಿಯೆಂಬಂತೆ ಕಾಗದ ಚಾಚುವರು, ಮುಗಿಯಿತಾ ಎನ್ನುವರು, ಕಿತ್ತುಕೊಂಡು ಓಡುವರು. ತಿದ್ದುಪಡಿ ಏನೂ ಅನ್ನಲಿಲ್ಲ. ಅವರಿಗೆ ಕಾಗದ ಸಿಕ್ಕಿತ್ತು. ವಕೀಲೆಗೆ ಮಾತ್ರ ನೋಡಿದಷ್ಟೂ ಮೈ ಉರಿಯುತ್ತಿತ್ತು.

ಆಮೇಲೊಂದು ದಿನ ವೃದ್ಧ ದಂಪತಿಯ ಕೇಸೊಂದರಲ್ಲಿ ಅವಳು ಹನ್ನೊಂದು ಗಂಟೆಗೆ ಲಿಖಿತ ವಾದ ಸಲ್ಲಿಸಬೇಕಿತ್ತು. ಹತ್ತಕ್ಕೇ ಬಂದು ಸಾಲಿನಲ್ಲಿ ನಿಂತಳು. ಅವಳ ಮುಂದೆ ನಾಲ್ಕು ಜನ, ಎಲ್ಲರಿಗಿಂತ ಮುಂದೆ ಗುಡುಗು, ಇಟ್ಟಿಗೆಯಷ್ಟು ದಪ್ಪದ ಕಡತದೊಂದಿಗೆ. ಹತ್ತೂವರೆಯಾಯಿತು, ಹತ್ತು ಐವತ್ತಾಯಿತು, ಗುಡುಗು ಏಳಲಿಲ್ಲ. ಅವಳ ಕೇಸಿನ ನಂಬರು ಕೂಗಿದ್ದು ಕೇಳಿಸಿತು. ತಿದ್ದಿಸದ ಕಾಗದವನ್ನೇ ಹಿಡಿದು ಓಡಿದಳು.

“ಲಿಖಿತ ವಾದ ಎಲ್ಲಿ?” ಎಂದರು ನ್ಯಾಯಾಧೀಶರು.

“ಸಿದ್ಧವಾಗಿದೆ ಸ್ವಾಮಿ. ಅರ್ಧ ಗಂಟೆ ಸಮಯ ಬೇಕು.”

“ಸಿದ್ಧವಾಗಿದ್ರೆ ಸಮಯ ಯಾಕೆ?”

ನೂರು ನೆಪಗಳು ನಾಲಿಗೆಯ ತುದಿಯಲ್ಲಿದ್ದವು. ಅವಳಿಗೆ ನೆಪ ಹೇಳಿ ಸಾಕಾಗಿತ್ತು, ಕೇಳಿಯೂ ಸಾಕಾಗಿತ್ತು. “ಒಬ್ಬರಿಗೆ ತೋರಿಸಿ ತಿದ್ದಿಸ್ಕೊಂಡು ಬರ್ಬೇಕು ಸ್ವಾಮಿ. ಅವರು ನೋಡದೆ ನಾನು ಯಾವ ಕಾಗದಾನೂ ಕೊಡಲ್ಲ. ಈ ಕೋರ್ಟಲ್ಲಿ ಸುಮಾರು ಜನ ಕೊಡಲ್ಲ.”

“ಯಾರಿಗೆ?”

ಅವಳು ತಿದ್ದುಪಡಿಯ ಪೂರ್ಣ ಹೆಸರು ಹೇಳಿದಳು. ಬೇಕೆಂದೇ ದನಿಯೆತ್ತಿ ಹೇಳಿದಳು. ಬೆಂಚುಗಳಲ್ಲಿದ್ದ ವಕೀಲರ ತಲೆಗಳು ಎದ್ದವು, ಕೆಲವು ಮತ್ತೆ ತಗ್ಗಿದವು. ಎದುರು ಪಕ್ಷದ ವಕೀಲ ಕೆಮ್ಮಿದ.

ನ್ಯಾಯಾಧೀಶರು ಗೋಡೆಯ ಗಡಿಯಾರ ನೋಡಿದರು. “ಅರ್ಧ ಗಂಟೇಲಿ ಆಗಲ್ಲ ಬಿಡಿ. ಅಲ್ಲಿ ಸಾಲಿರುತ್ತೆ ಅಂತ ಕೇಳಿದೀನಿ. ಮಧ್ಯಾಹ್ನ ಮೂರಕ್ಕೆ ತನ್ನಿ.” ಆಮೇಲೆ ಶೀಘ್ರಲಿಪಿಕಾರನ ಕಡೆ ತಿರುಗಿ ಹೇಳಿ ಬರೆಸಿದರು: “ವಕೀಲರ ಕೋರಿಕೆಯ ಮೇರೆಗೆ ಪ್ರಕರಣವನ್ನು ಮಧ್ಯಾಹ್ನ ಮೂರಕ್ಕೆ ಇಡಲಾಗಿದೆ.”

ಅವಳು ಶೀಘ್ರಲಿಪಿಕಾರನ ಬಳಿ ಬಗ್ಗಿದಳು. “ನಾನು ಹೆಸರು ಹೇಳಿದ್ನಲ್ಲ, ಅದು?”

“ಸಾಹೇಬ್ರು ಹೇಳಿದ್ದಷ್ಟೇ ಬರ್ಕೊಳ್ಳೋದು ಮೇಡಂ” ಎಂದ ಆತ, ಮುಂದಿನ ಕೇಸಿಗೆ ಹಾಳೆ ತಿರುವುತ್ತ.

ದಾಪುಗಾಲಿಟ್ಟು ಗ್ರಂಥಾಲಯಕ್ಕೆ ಮರಳಿದಳು. ಸಾಲಿನಲ್ಲಿ ಅವಳ ಜಾಗ ಹೋಗಿತ್ತು. ಈಗ ಏಳು ಜನರಿದ್ದರು. ಅವಳು ಸಾಲು ಬಿಟ್ಟು ನೇರ ಮೇಜಿನ ಪಕ್ಕಕ್ಕೇ ಹೋಗಿ ನಿಂತಳು.

“ಕೋರ್ಟಲ್ಲಿ ನಿಮ್ಮ ಹೆಸರು ಹೇಳ್ದೆ ಸಾರ್. ನ್ಯಾಯಾಧೀಶರ ಎದುರಿಗೇ. ದಾಖಲೆ ಮಾಡ್ಕೊಳ್ಳಲಿಲ್ಲ.”

ತಿದ್ದುಪಡಿ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ತಲೆಯೆತ್ತಿದರು. “ಜೋರಾಗಿ ಹೇಳ್ದ್ಯಾ?”

“ಹೂಂ ಸಾರ್. ಜೋರಾಗೇ.”

“ಎಷ್ಟು ಜನ ಇದ್ರು?”

“ಇಪ್ಪತ್ತು, ಇಪ್ಪತ್ತೈದು ಜನ.”

ಅವರು ಆ ಸಂಖ್ಯೆಯನ್ನು ಮನಸ್ಸಿನಲ್ಲೇ ಒಮ್ಮೆ ಎಣಿಸಿಕೊಂಡಂತೆ ಕಂಡಿತು. ಸಾಲಿನಲ್ಲಿದ್ದವರೊಬ್ಬರು ಬೇಗ ಆಗಲಿ ಎಂದು ಗಂಟಲು ಸರಿಮಾಡಿಕೊಂಡರು.

“ಸರಿ” ಎಂದರು ತಿದ್ದುಪಡಿ, ಮತ್ತೆ ಕಾಗದಕ್ಕೆ ಬಗ್ಗುತ್ತ. “ಸರದಿ ಬಿಟ್ಟು ಹೋದ್ಯಲ್ಲಮ್ಮಾ. ಹಿಂದಕ್ಕೆ ಹೋಗಿ ನಿಂತ್ಕೋ.”

ಅವಳು ಏಳು ಜನರನ್ನೂ ದಾಟಿ ಸಾಲಿನ ಕೊನೆಗೆ ಹೋದಳು.